ಆಂಟಿವೈರಸ್ ಸರ್ವರ್‌ಗಳ ನಂಟು: ಕೊನೆಯ ತೂಬಿಗೆ ನೀರು ತಲುಪಿತೇ?

2013ರ ಮಾರ್ಚ್ 20. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಮಧ್ಯಾಹ್ನ ಎರಡು ಗಂಟೆಯ ಸಮಯ. ಕೆಬಿಎಸ್, ಎಂಬಿಸಿ, ವೈಟಿಎನ್ ಎಂಬ ಮೂರು ಪ್ರಸಾರ ಸಂಸ್ಥೆಗಳ ಹಾಗೂ ಶಿನ್‌ಹಾನ್, ನಾಂಗ್‌ಹ್ಯುಪ್ ಮೊದಲಾದ ಬ್ಯಾಂಕುಗಳ ಕಂಪ್ಯೂಟರ್ ಪರದೆಗಳು ಒಂದರ ಹಿಂದೊಂದು ಕಪ್ಪಾದವು. ಮತ್ತೆ ಚಾಲೂ ಮಾಡಲು ಹೋದರೆ ಯಂತ್ರಗಳು ಏಳಲೇ ಇಲ್ಲ. ಹಾರ್ಡ್ ಡಿಸ್ಕಿನಲ್ಲಿ ಯಂತ್ರ ಎಚ್ಚರಗೊಳ್ಳಲು ಬೇಕಾದ ಮೊದಲ ಭಾಗವನ್ನೇ ಅಳಿಸಿಹಾಕಲಾಗಿತ್ತು. ಹಣ ತೆಗೆಯಲು ಬಂದವರು ಎಟಿಎಂಗಳ ಮುಂದಿನಿಂದ ಬರಿಗೈಯಲ್ಲಿ ಮರಳಿದರು. ಹಾನಿಗೊಳಗಾದ ಯಂತ್ರಗಳು ಸುಮಾರು 48 ಸಾವಿರ ಎಂದು ಅಲ್ಲಿನ ಸರ್ಕಾರದ ತನಿಖೆ ಬಳಿಕ ಲೆಕ್ಕ ಕೊಟ್ಟಿತು.

ಅಷ್ಟು ಯಂತ್ರಗಳಿಗೆ ದಾಳಿಕೋರರು ಒಂದೊಂದಾಗಿ ನುಗ್ಗಿರಲಿಲ್ಲ. ವೈರಸ್‌ನಿಂದ ಕಾಪಾಡಲೆಂದೇ ಇಟ್ಟಿದ್ದ, ಕಚೇರಿಯ ಎಲ್ಲ ಕಂಪ್ಯೂಟರ್‌ಗಳಿಗೂ ಅಪ್‌ಡೇಟ್ ಹಂಚುತ್ತಿದ್ದ ಕೇಂದ್ರ ಸರ್ವರ್ ಮೂಲಕವೇ ವಿಷ ಹರಿದಿತ್ತು. ನಾಂಗ್‌ಹ್ಯುಪ್ ಪ್ರಕರಣದಲ್ಲಿ ತನ್ನ ನಿರ್ವಹಣಾ ಸರ್ವರ್‌ನ ಲಾಗಿನ್ ಪರಿಶೀಲನೆಯಲ್ಲಿದ್ದ ದೋಷವೊಂದು ದುರ್ಬಳಕೆಯಾಯಿತೆಂದು ಆಂಟಿವೈರಸ್ ತಯಾರಕ ಸಂಸ್ಥೆಯಾದ ಆನ್‌ಲ್ಯಾಬ್ ಬಳಿಕ ತಾನೇ ಒಪ್ಪಿಕೊಂಡಿತು. ನಾಂಗ್‌ಹ್ಯುಪ್ ಎಂದರೆ ರೈತರ ಸಹಕಾರ ಸಂಘಗಳ ಒಕ್ಕೂಟಕ್ಕೆ ಸೇರಿದ ಬ್ಯಾಂಕು. ನಮ್ಮ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕುಗಳ ದೂರದ ಬಂಧು ಎನ್ನಬಹುದು.

ಕೊರಿಯಾದ ಈ ಘಟನೆಯನ್ನು ಇಲ್ಲಿ ನೆನೆಯಲು ಕಾರಣವಿದೆ. ಇಂದು ನಮ್ಮ ಪಟ್ಟಣಗಳ ಸಹಕಾರಿ ಬ್ಯಾಂಕು, ಖಾಸಗಿ ಆಸ್ಪತ್ರೆ, ಕಾಲೇಜು, ಸಕ್ಕರೆ ಕಾರ್ಖಾನೆಗಳಲ್ಲಿ ಇಂಥದೇ ಸರ್ವರ್ ಒಂದು ಮೂಲೆಯಲ್ಲಿ ಕುಳಿತಿರುತ್ತದೆ. ಸಂಸ್ಥೆ ಬೆಳೆದು ಎರಡನೆಯ ಊರಿನಲ್ಲಿ ಕಚೇರಿ ತೆರೆದಾಗ ಅಲ್ಲೊಂದು ಸರ್ವರ್ ಬರುತ್ತದೆ. ಎರಡನ್ನೂ ಜೋಡಿಸಬೇಕಾಗುತ್ತದೆ. ಈ ಕೆಲಸ ಸಾಮಾನ್ಯವಾಗಿ ತಂತ್ರಾಂಶ ಮಾರಿದವರ ಕಡೆಯಿಂದ ಬಂದ ಯುವಕನೊಬ್ಬನ ಅರ್ಧ ಗಂಟೆಯ ದುಡಿಮೆಯಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ಗಂಟೆಯಲ್ಲಿ ಯಾವ ಸರ್ವರ್ ಯಾವುದರ ಮಾತು ಕೇಳಬೇಕು ಎಂಬುದು ನಿರ್ಧಾರವಾಗಿರುತ್ತದೆ. ಆಡಳಿತ ಮಂಡಳಿಗೆ ಅದರ ಸುಳಿವೂ ಇರುವುದಿಲ್ಲ.

ಒಂದಕ್ಕಿಂತ ಹೆಚ್ಚು ಸರ್ವರ್ ಏಕೆ?

ಮನೆಯ ಕಂಪ್ಯೂಟರ್‌ನಲ್ಲಿರುವ ಆಂಟಿವೈರಸ್ ನೇರವಾಗಿ ಅಂತರ್ಜಾಲದಿಂದ ಅಪ್‌ಡೇಟ್ ಪಡೆಯುತ್ತದೆ. ಕಚೇರಿಗಳಲ್ಲಿ ವ್ಯವಸ್ಥೆ ಬೇರೆ. ಪ್ರತಿ ಕಂಪ್ಯೂಟರ್‌ನಲ್ಲಿ ಏಜೆಂಟ್ ಎಂಬ ಪುಟ್ಟ ತಂತ್ರಾಂಶವಿದ್ದು, ಅದು ಸಂಸ್ಥೆಯದೇ ಆದ ಒಂದು ಸರ್ವರ್‌ಗೆ ಅಧೀನವಾಗಿರುತ್ತದೆ. ಹೊಸ ವೈರಸ್‌ಗಳ ಲಕ್ಷಣಪಟ್ಟಿಯನ್ನು ಸರ್ವರ್ ಹಂಚುತ್ತದೆ. ಯಾವ ಯಂತ್ರದಲ್ಲಿ ಏನು ಸಿಕ್ಕಿತು ಎಂಬುದನ್ನು ಏಜೆಂಟ್ ವರದಿ ಮಾಡುತ್ತದೆ.

ಶಿವಮೊಗ್ಗದಲ್ಲಿ ಪ್ರಧಾನ ಕಚೇರಿ, ಸಾಗರದಲ್ಲೊಂದು ದೊಡ್ಡ ಶಾಖೆ, ಅದರ ಆಚೆಗೆ ಹೊಸನಗರದಲ್ಲೊಂದು ಸಣ್ಣ ಶಾಖೆ ಇರುವ ಸಹಕಾರಿ ಬ್ಯಾಂಕೊಂದನ್ನು ಕಲ್ಪಿಸಿಕೊಳ್ಳಿ. ಸಾಗರದಲ್ಲಿ 30 ಕಂಪ್ಯೂಟರ್‌ಗಳಿದ್ದು, ಆ ದಿನದ ಅಪ್‌ಡೇಟ್ 5 ಎಂಬಿ ಎಂದಿಟ್ಟುಕೊಳ್ಳೋಣ. ಪ್ರತಿಯೊಂದು ಯಂತ್ರವೂ ಶಿವಮೊಗ್ಗದ ಸರ್ವರ್‌ನಿಂದಲೇ ಅದನ್ನು ಎಳೆದುಕೊಂಡರೆ ಎರಡು ಊರುಗಳ ನಡುವಿನ ಸಂಪರ್ಕದಲ್ಲಿ 150 ಎಂಬಿ ಹರಿಯಬೇಕು. ಸಾಗರದಲ್ಲೇ ಒಂದು ಸರ್ವರ್ ಇದ್ದರೆ 5 ಎಂಬಿ ಒಮ್ಮೆ ಬಂದರೆ ಸಾಕು. ಉಳಿದದ್ದನ್ನು ಶಾಖೆಯ ಒಳಗೇ ಹಂಚಬಹುದು. ಕೌಂಟರ್‌ನಲ್ಲಿ ಗ್ರಾಹಕರು ಕಾದಿರುವಾಗ ಈ ವ್ಯತ್ಯಾಸ ಚೆನ್ನಾಗಿ ಅರಿವಿಗೆ ಬರುತ್ತದೆ. ಫೈಬರ್ ಸಂಪರ್ಕ ಬಂದ ಮೇಲೆ ಈ ಕಾರಣದ ತೂಕ ಕಡಿಮೆಯಾಗಿದೆ, ನಿಜ. ಆದರೆ ಮಳೆಗಾಲದಲ್ಲಿ ಮರ ಬಿದ್ದು ಕೇಬಲ್ ತುಂಡಾದ ದಿನವೂ ಶಾಖೆಯೊಳಗಿನ ಯಂತ್ರಗಳ ಮೇಲ್ವಿಚಾರಣೆ ನಿಲ್ಲಬಾರದೆಂದರೆ ಸ್ಥಳೀಯ ಸರ್ವರ್ ಇರುವುದು ಒಳ್ಳೆಯದು.

ಹಾಗೆಂದು ಐದು ಕಂಪ್ಯೂಟರ್‌ಗಳ ಶಾಖೆಗೆ ಸರ್ವರ್ ಇಡುವುದು ದುಂದುವೆಚ್ಚ. ಸಿಮ್ಯಾಂಟೆಕ್ ತಂತ್ರಾಂಶದಲ್ಲಿ ಶಾಖೆಯ ಒಂದು ಸಾಮಾನ್ಯ ಕಂಪ್ಯೂಟರನ್ನೇ ಅಪ್‌ಡೇಟ್ ಹಂಚುವ ಯಂತ್ರವನ್ನಾಗಿ ನೇಮಿಸಬಹುದು. ಕ್ಯಾಸ್ಪರ್‌ಸ್ಕಿಯಲ್ಲೂ ಅಂಥದೇ ಹಂಚಿಕೆ ಕೇಂದ್ರದ ಏರ್ಪಾಡು ಇದೆ. ಪೂರ್ತಿ ನಿರ್ವಹಣೆಯನ್ನೇ ತಯಾರಕರ ಅಂತರ್ಜಾಲ ಸೇವೆಗೆ ಒಪ್ಪಿಸಿಬಿಡುವ ಸಂಸ್ಥೆಗಳೂ ಈಗ ಹೆಚ್ಚಿವೆ.

ಮೇಲು-ಕೆಳಗು, ಸರಿಸಮಾನ

ಸರ್ವರ್‌ಗಳ ನಡುವಿನ ನಂಟನ್ನು ಅರಿಯಲು ರಷ್ಯಾದ ಡಾಕ್ಟರ್ ವೆಬ್ ಸಂಸ್ಥೆಯ ವಾಣಿಜ್ಯ ಬಳಕೆಯ ತಂತ್ರಾಂಶವನ್ನು ಉದಾಹರಣೆಯಾಗಿ ಇಟ್ಟುಕೊಳ್ಳುವುದು ಸುಲಭ. ಅದರಲ್ಲಿ ಈ ವಿಷಯ ಬಿಡಿಸಿಟ್ಟಂತೆ ಸ್ಪಷ್ಟವಾಗಿದೆ. ಅಲ್ಲಿ ನಂಟಿನಲ್ಲಿ ಎರಡು ಬಗೆ. ಒಂದು, ಮುಖ್ಯ ಮತ್ತು ಅಧೀನ ಸರ್ವರ್‌ಗಳ ಸಂಬಂಧ: ಮುಖ್ಯ ಸರ್ವರ್ ಅಪ್‌ಡೇಟ್‌ಗಳನ್ನು ಕೆಳಕ್ಕೆ ಕಳಿಸುತ್ತದೆ, ಅಧೀನ ಸರ್ವರ್ ತನ್ನಲ್ಲಿ ನಡೆದ ಘಟನೆಗಳ ವರದಿಯನ್ನು ಮೇಲಕ್ಕೆ ಒಪ್ಪಿಸುತ್ತದೆ. ಇನ್ನೊಂದು, ಸಮಾನರ ಸಂಬಂಧ: ಅಲ್ಲಿ ಯಾವ ಮಾಹಿತಿ ಯಾವ ದಿಕ್ಕಿಗೆ ಹೋಗಬೇಕೆಂಬುದನ್ನು ಒಂದೊಂದಾಗಿ ಗೊತ್ತುಪಡಿಸಬೇಕು. ಕ್ಯಾಸ್ಪರ್‌ಸ್ಕಿಯ ನಿರ್ವಹಣಾ ಸರ್ವರ್‌ಗಳನ್ನೂ ಮೇಲು-ಕೆಳಗಿನ ಶ್ರೇಣಿಯಲ್ಲಿ ಜೋಡಿಸಲಾಗುತ್ತದೆ.

ನಮ್ಮ ಓದುಗರಿಗೆ ಇದನ್ನು ನಾಲೆಯ ಮೂಲಕ ಹೇಳಬಹುದು. ಜಲಾಶಯದಿಂದ ಮುಖ್ಯ ನಾಲೆ, ಅದರಿಂದ ವಿತರಣಾ ನಾಲೆ, ಅಲ್ಲಿಂದ ಹೊಲದ ತೂಬು. ಅಪ್‌ಡೇಟ್ ಹರಿಯುವುದೂ ಹೀಗೆಯೇ. ನಾಲೆಯ ಕೊನೆ ಭಾಗದ ರೈತರ ಗೋಳು ಏನೆಂದು ತುಂಗಭದ್ರಾ ಅಚ್ಚುಕಟ್ಟಿನವರಿಗೆ ವಿವರಿಸಬೇಕಾಗಿಲ್ಲ. ಮೇಲೆ ನೀರು ಬಿಟ್ಟ ಲೆಕ್ಕವಿರುತ್ತದೆ, ಕೊನೆಯ ಗದ್ದೆ ಮಾತ್ರ ಒಣಗಿರುತ್ತದೆ. ಆಂಟಿವೈರಸ್ ಜಾಲದ ಹೊಸನಗರದಂಥ ಕೊನೆಯ ಶಾಖೆಯದೂ ಅದೇ ಸ್ಥಿತಿ. ಹೋಲಿಕೆ ಒಂದು ಕಡೆ ಮಾತ್ರ ಸೋಲುತ್ತದೆ: ನಾಲೆಯಲ್ಲಿ ಏನೂ ಮೇಲಕ್ಕೆ ಮರಳಿ ಹರಿಯುವುದಿಲ್ಲ, ಇಲ್ಲಿ ವರದಿ ಹರಿಯಲೇಬೇಕು.

ಡಾಕ್ಟರ್ ವೆಬ್‌ನಲ್ಲಿ ಮೂರನೆಯದೊಂದು ಸರಕೂ ಈ ದಾರಿಯಲ್ಲಿ ಸಾಗುತ್ತದೆ. ಪ್ರಧಾನ ಕಚೇರಿಯಲ್ಲಿ ಬಳಕೆಯಾಗದೆ ಉಳಿದ ಪರವಾನಗಿಗಳನ್ನು ನೆರೆಯ ಸರ್ವರ್‌ಗೆ ಅವಧಿ ಗೊತ್ತುಪಡಿಸಿ ಎರವಲು ಕೊಡಬಹುದು. ಎರಡು ಊರುಗಳ ನಡುವಿನ ನಂಟು ಬಹುಕಾಲ ಕಡಿದುಹೋದರೆ ಆ ಎರವಲು ನವೀಕರಣಗೊಳ್ಳದೆ ಮುಗಿದುಹೋಗಬಹುದು ಎಂಬುದನ್ನು ಲೆಕ್ಕ ವಿಭಾಗದವರು ನೆನಪಿಡಬೇಕು.

ಜೋಡಿಸುವ ಬಗೆ

ಜೋಡಣೆಗೆ ಬೇಕಾದದ್ದು ನಾಲ್ಕು ಸಂಗತಿ: ಎದುರಿನ ಸರ್ವರ್‌ನ ವಿಳಾಸ, ಎರಡೂ ಕಡೆ ಒಂದೇ ಆಗಿರುವ ಪಾಸ್‌ವರ್ಡ್, ಪರಸ್ಪರ ಗುರುತು ಹಿಡಿಯುವ ಕೀಲಿ ಮತ್ತು ತೆರೆದಿರುವ ಪೋರ್ಟ್.

ಇವುಗಳಲ್ಲಿ ಹೆಚ್ಚು ಗಮನ ಬೇಡುವುದು ಕೀಲಿ. ಪ್ರತಿ ಸರ್ವರ್‌ಗೂ ಜೋಡಿ ಕೀಲಿಗಳಿರುತ್ತವೆ. ಖಾಸಗಿ ಕೀಲಿ ಆ ಯಂತ್ರವನ್ನು ಬಿಟ್ಟು ಹೊರಗೆ ಹೋಗುವಂತಿಲ್ಲ. ಸಾರ್ವಜನಿಕ ಕೀಲಿಯನ್ನು ಎದುರಿನವರಿಗೆ ಕೊಡಬೇಕು. ಡಾಕ್ಟರ್ ವೆಬ್‌ನ ಹಳೆಯ ಆವೃತ್ತಿಗಳಲ್ಲಿ ಇದೊಂದು ಸಣ್ಣ ಕಡತವಾಗಿತ್ತು, ಹೊಸ ಆವೃತ್ತಿಗಳಲ್ಲಿ ಅದರ ಸ್ಥಾನಕ್ಕೆ ಪ್ರಮಾಣಪತ್ರ ಬಂದಿದೆ. ಸಾಗರದ ಸರ್ವರ್‌ನಲ್ಲಿ ಶಿವಮೊಗ್ಗದ ಕೀಲಿಯನ್ನೂ ಶಿವಮೊಗ್ಗದಲ್ಲಿ ಸಾಗರದ ಕೀಲಿಯನ್ನೂ ನಮೂದಿಸಿದ ಬಳಿಕ, 'ನಾನು ಶಿವಮೊಗ್ಗ' ಎಂದು ಹೇಳಿಕೊಂಡು ಬರುವ ಯಾವುದೋ ಯಂತ್ರವನ್ನು ಸಾಗರ ನಂಬುವುದಿಲ್ಲ.

ಸಾರ್ವಜನಿಕ ಕೀಲಿ ಗುಟ್ಟಿನದಲ್ಲ. ಹಾಗಾಗಿ ಇಮೇಲ್‌ನಲ್ಲಿ ಕಳಿಸಿದರೆ ತಪ್ಪೇನು ಎಂದು ಕೇಳಬಹುದು. ಕದ್ದು ನೋಡಿದರೆ ಬಾಧೆಯಿಲ್ಲ, ದಾರಿಯಲ್ಲಿ ಬದಲಾಯಿಸಿದರೆ ಬಾಧೆಯಿದೆ. ನಡುವೆ ಕುಳಿತವನು ತನ್ನದೇ ಕೀಲಿಯನ್ನು ಸೇರಿಸಿಬಿಟ್ಟರೆ ಸಾಗರದ ಶಾಖೆ ಅವನನ್ನೇ ಪ್ರಧಾನ ಕಚೇರಿಯೆಂದು ತಿಳಿದುಕೊಳ್ಳುತ್ತದೆ. ಆದ್ದರಿಂದ ಕೀಲಿಯ ಬೆರಳಚ್ಚು ಎಂದು ಕರೆಯುವ ಚುಟುಕು ಅಕ್ಷರಸರಣಿಯನ್ನು ದೂರವಾಣಿಯಲ್ಲಿ ಓದಿ ಹೇಳಿ, ಎರಡೂ ಕಡೆ ಹೋಲಿಸಿ ನೋಡುವುದು ಲೇಸು. ಐದು ನಿಮಿಷದ ಕೆಲಸ. ಪಾಸ್‌ವರ್ಡ್ ಅನ್ನು ಮಾತ್ರ ಅದೇ ಇಮೇಲ್‌ನಲ್ಲಿ ಬರೆದು ಕಳಿಸಬಾರದು. ಬ್ಯಾಂಕಿನ ಹೆಸರಿನ ಮುಂದೆ 123 ಸೇರಿಸಿದ್ದನ್ನೂ ಪಾಸ್‌ವರ್ಡ್ ಎನ್ನಲಾಗದು.

ಪೋರ್ಟ್ ವಿಷಯ ಸರಳ. ಡಾಕ್ಟರ್ ವೆಬ್ 2193ನೇ ಸಂಖ್ಯೆಯ ಪೋರ್ಟ್ ಬಳಸುತ್ತದೆ. ನಡುವಿನ ಫೈರ್‌ವಾಲ್‌ನಲ್ಲಿ ಅದನ್ನು ಬಿಡದಿದ್ದರೆ ಉಳಿದೆಲ್ಲ ಸರಿಯಿದ್ದರೂ ಸಂಪರ್ಕ ಕೂಡುವುದಿಲ್ಲ. ಆದರೆ ಇಲ್ಲಿಯೇ ದೊಡ್ಡ ತಪ್ಪೂ ನಡೆಯುತ್ತದೆ. ಸಂಪರ್ಕ ಸಿಗಲಿಲ್ಲವೆಂದು ಬೇಸತ್ತ ತಂತ್ರಜ್ಞರು ಪೋರ್ಟನ್ನು ಇಡೀ ಅಂತರ್ಜಾಲಕ್ಕೆ ತೆರೆದುಬಿಡುತ್ತಾರೆ. ತೆರೆಯಬೇಕಾದದ್ದು ಎದುರಿನ ಸರ್ವರ್‌ನ ವಿಳಾಸಕ್ಕೆ ಮಾತ್ರ; ಅದೂ ವಿಪಿಎನ್ ಎಂಬ ಖಾಸಗಿ ಸುರಂಗದೊಳಗಿದ್ದರೆ ಉತ್ತಮ. 2006ರಲ್ಲಿ ಸಿಮ್ಯಾಂಟೆಕ್‌ನ ಕಾರ್ಪೊರೇಟ್ ಆಂಟಿವೈರಸ್‌ನಲ್ಲಿ ದೋಷವೊಂದು ಪತ್ತೆಯಾಗಿ ಮೇ ತಿಂಗಳಲ್ಲೇ ಸುದ್ದಿಯಾಗಿತ್ತು. ಅದಕ್ಕೆ ತೇಪೆಯೂ ಬಂದಿತ್ತು. ತೇಪೆ ಹಾಕಿಕೊಳ್ಳದ ಯಂತ್ರಗಳನ್ನು ವರ್ಷದ ಕೊನೆಯಲ್ಲಿ ಹುಳುವೊಂದು 2967ನೇ ಪೋರ್ಟ್ ಮೂಲಕವೇ ಹುಡುಕಿ ಹೊಕ್ಕಿತು. ಕಾವಲುಗಾರನ ಕಿಟಕಿಯೇ ಕಳ್ಳನಿಗೆ ಬಾಗಿಲಾಯಿತು.

ಸಮಾನರ ನಂಟಿನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡೂ ಕಡೆ ಎದುರಿನವರ ವಿಳಾಸ ತುಂಬಿದರೆ ಭದ್ರತೆ ಹೆಚ್ಚುತ್ತದೆಂದು ತೋರುವುದು ಸಹಜ. ಡಾಕ್ಟರ್ ವೆಬ್ ಕೈಪಿಡಿ ಹೇಳುವುದು ಬೇರೆ: ವಿಳಾಸವನ್ನು ಒಂದೇ ಕಡೆ ತುಂಬಿ. ಇಬ್ಬರೂ ಏಕಕಾಲಕ್ಕೆ ಒಬ್ಬರನ್ನೊಬ್ಬರು ಕರೆಯಲು ಹೋದರೆ, ಅದೇ ಕೀಲಿಯ ಸಂಪರ್ಕ ಆಗಲೇ ಚಾಲ್ತಿಯಲ್ಲಿದೆ ಎಂಬ ದೂರು ದಾಖಲೆ ಕಡತದಲ್ಲಿ ತುಂಬಿಕೊಳ್ಳುತ್ತ ಹೋಗುತ್ತದೆ. ಇಬ್ಬರು ಗೆಳೆಯರು ಒಂದೇ ಕ್ಷಣದಲ್ಲಿ ಪರಸ್ಪರ ಫೋನ್ ಮಾಡಿದಾಗ ಇಬ್ಬರಿಗೂ ಲೈನ್ ಬ್ಯುಸಿ ಎಂದು ಕೇಳಿಸಿದಂತೆ.

ಅಧೀನ ಸರ್ವರ್‌ಗೆ ಮೇಲಿನಿಂದ ಅಪ್‌ಡೇಟ್ ಬರುತ್ತಿರುವಾಗ ಅದು ತಯಾರಕರ ಅಂತರ್ಜಾಲ ತಾಣದಿಂದ ನೇರವಾಗಿ ಪಡೆಯುವ ಗೋಜಿಗೆ ಹೋಗುವುದಿಲ್ಲ. ಆದರೂ ನೇರವಾಗಿ ಪಡೆಯುವ ಆ ದಿನಚರಿಯನ್ನು ಅಳಿಸಬೇಡಿ ಎಂಬುದು ಅದೇ ಕೈಪಿಡಿಯ ಸಲಹೆ. ಶಿವಮೊಗ್ಗದ ಸರ್ವರ್ ಕೆಟ್ಟ ದಿನ ಸಾಗರ ತನ್ನ ದಾರಿ ತಾನೇ ನೋಡಿಕೊಳ್ಳಬಲ್ಲದು.

ಮೇಲಕ್ಕೆ ಬಾರದ ಸುದ್ದಿ

ನಮ್ಮ ಪತ್ರಿಕೆ ಇನ್ನೂ ಅಚ್ಚಾಗುತ್ತಿದ್ದ ದಿನಗಳ ಒಂದು ಸಂಗತಿ. ಪ್ರಧಾನ ಕಚೇರಿಯ ಪರದೆಯಲ್ಲಿ ಜಿಲ್ಲಾ ಕಚೇರಿಗಳೆಲ್ಲ ಹಸಿರು ಬಣ್ಣದಲ್ಲಿ ನಗುತ್ತಿದ್ದವು. ಒಂದು ಸಂಜೆ ಜಿಲ್ಲಾ ಕಚೇರಿಯಿಂದ ಪೆನ್‌ಡ್ರೈವ್‌ನಲ್ಲಿ ಬಂದ ಚಿತ್ರಗಳ ಜೊತೆ ವೈರಸ್ಸೂ ಬಂದು ಪುಟವಿನ್ಯಾಸದ ಯಂತ್ರಗಳು ಕೈಕೊಟ್ಟವು. ವಿಚಾರಿಸಿದಾಗ ತಿಳಿದದ್ದು: ಆ ಜಿಲ್ಲೆಯ ಸರ್ವರ್‌ನಿಂದ ಎರಡು ತಿಂಗಳಿಂದ ಯಾವ ವರದಿಯೂ ಬಂದಿರಲಿಲ್ಲ. ಬಣ್ಣ ಹಸಿರಾಗಿದ್ದುದು ಕೊನೆಯ ವರದಿಯಲ್ಲಿ ಎಲ್ಲ ಚೆನ್ನಾಗಿದ್ದ ಕಾರಣಕ್ಕೆ! ಅಂದು ಆವೃತ್ತಿ ಹೊರಬಂದಾಗ ಬೆಳಗಿನ ಬಸ್ಸುಗಳು ಹೊರಟುಹೋಗಿದ್ದವು.

ಸರ್ವರ್‌ಗಳ ನಂಟನ್ನು ಪರೀಕ್ಷಿಸುವಾಗ ಬಹುತೇಕರು ನೋಡುವುದು ಅಪ್‌ಡೇಟ್ ಕೆಳಗಿಳಿಯಿತೇ ಎಂಬುದನ್ನಷ್ಟೇ. ಘಟನೆಗಳ ವರದಿ ಮೇಲೇರುವ ಆಯ್ಕೆಗೆ ಗುರುತು ಹಾಕಿದೆಯೇ, ಕೊನೆಯ ವರದಿ ಬಂದದ್ದು ಎಷ್ಟು ಹೊತ್ತಿಗೆ ಎಂದು ನೋಡುವವರು ಕಡಿಮೆ. ಮೌನವನ್ನು ಕ್ಷೇಮವೆಂದು ತಿಳಿಯುವ ಈ ಅಭ್ಯಾಸಕ್ಕೆ ಈಗ ಕಾನೂನಿನ ತೊಡಕೂ ಸೇರಿದೆ. ಕೇಂದ್ರ ಸರ್ಕಾರದ ಸಿಇಆರ್‌ಟಿ-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದರಲ್ಲಿ ಪಟ್ಟಿ ಮಾಡಿರುವ ಸೈಬರ್ ಘಟನೆಗಳು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಾಖಲೆ ಕಡತಗಳನ್ನು 180 ದಿನ ಕಾಪಾಡಬೇಕು. ಗಡಿಯಾರಗಳನ್ನು ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ ಹೊಂದಿಸಿರಬೇಕು.

ಗಡಿಯಾರದ ಮಾತು ಕ್ಷುಲ್ಲಕವೆಂದು ತೋರಬಹುದು. ಹೊಸನಗರದ ಸರ್ವರ್ 20 ನಿಮಿಷ ಹಿಂದಿದ್ದರೆ, ವೈರಸ್ ಮೊದಲು ಹೊಕ್ಕಿದ್ದು ಎಲ್ಲಿಗೆ, ಅಲ್ಲಿಂದ ಹರಡಿದ್ದು ಎತ್ತ ಎಂಬ ಪ್ರಶ್ನೆಗೆ ಉತ್ತರವೇ ತಲೆಕೆಳಗಾಗುತ್ತದೆ. ತಪ್ಪು ಶಾಖೆಯ ತಪ್ಪು ಗುಮಾಸ್ತರು ನೋಟಿಸ್ ಪಡೆಯುತ್ತಾರೆ.

ಕೆಟ್ಟ ಅಪ್‌ಡೇಟ್ ಬಂದರೆ?

ದಾಳಿಕೋರರೇ ಬೇಕೆಂದಿಲ್ಲ, ತಯಾರಕರ ತಪ್ಪೂ ಇದೇ ದಾರಿಯಲ್ಲಿ ಇಳಿದು ಬರುತ್ತದೆ. 2010ರ ಏಪ್ರಿಲ್ 21ರಂದು ಮೆಕಾಫಿ ಬಿಡುಗಡೆ ಮಾಡಿದ 5958 ಸಂಖ್ಯೆಯ ಲಕ್ಷಣಪಟ್ಟಿ, ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವೊಂದನ್ನೇ ವೈರಸ್ ಎಂದು ತಪ್ಪಾಗಿ ಗುರುತಿಸಿತು. ಅದನ್ನು ಪಡೆದ ಎಕ್ಸ್‌ಪಿ ಯಂತ್ರಗಳು ಆರಿ ಹೊತ್ತಿ, ಹೊತ್ತಿ ಆರಿ ಪರದಾಡಿದವು. 2024ರ ಜುಲೈ 19ರ ಕ್ರೌಡ್‌ಸ್ಟ್ರೈಕ್ ಪ್ರಕರಣವನ್ನಂತೂ ಮರೆಯುವಂತಿಲ್ಲ. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದವು. ಬೆಂಗಳೂರು ಸೇರಿದಂತೆ ದೇಶದ ವಿಮಾನ ನಿಲ್ದಾಣಗಳಲ್ಲಿ ಚೆಕ್‌ಇನ್ ಕೆಟ್ಟು, ಕೆಲವೆಡೆ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ಕ್ರೌಡ್‌ಸ್ಟ್ರೈಕ್‌ನ ಆ ಕಡತ ಯಾವ ಕಚೇರಿಯ ಸರ್ವರ್‌ನಲ್ಲೂ ತಂಗದೆ ಅಂತರ್ಜಾಲದಿಂದ ನೇರ ಬಂದಿತ್ತು ಎಂಬುದು ಇಲ್ಲಿ ಮುಖ್ಯ. ನಡುವೆ ತಡೆಯುವ ತೂಬೇ ಇರಲಿಲ್ಲ.

ಸರ್ವರ್‌ಗಳ ಶ್ರೇಣಿ ಇದ್ದವರಿಗೆ ಇಲ್ಲೊಂದು ಅನುಕೂಲವಿದೆ. ಡಾಕ್ಟರ್ ವೆಬ್‌ನಲ್ಲಿ ಪ್ರತಿ ನಂಟಿಗೂ ಅಪ್‌ಡೇಟ್ ಯಾವ ಹೊತ್ತಿನಲ್ಲಿ ಹರಿಯಬಹುದೆಂಬ ವೇಳಾಪಟ್ಟಿ ಹಾಕಬಹುದು. ಪ್ರಧಾನ ಕಚೇರಿಯ ನಾಲ್ಕಾರು ಯಂತ್ರಗಳಿಗೆ ಮೊದಲು ಇಳಿಸಿ, ಅವು ಸುಸ್ಥಿತಿಯಲ್ಲಿವೆ ಎಂದು ಕಂಡ ಬಳಿಕ ಶಾಖೆಗಳಿಗೆ ಬಿಡಬಹುದು. ಎಷ್ಟು ಹೊತ್ತು ತಡೆಯಬೇಕೆಂಬುದರಲ್ಲಿ ತಜ್ಞರಲ್ಲೂ ಒಮ್ಮತ ಕಷ್ಟ, ಏಕೆಂದರೆ ತಡೆದಷ್ಟು ಹೊತ್ತೂ ಹೊಸ ವೈರಸ್‌ಗೆ ಶಾಖೆ ತೆರೆದಿರುತ್ತದೆ. ಈ ವರದಿಗಾರನಿಗೆ ತೋರುವಂತೆ, ಲಕ್ಷಣಪಟ್ಟಿಗೆ ಒಂದೆರಡು ಗಂಟೆಯ ತಡೆ ಸಾಕು; ತಂತ್ರಾಂಶದ ಹೊಸ ಆವೃತ್ತಿಯಾದರೆ ಒಂದು ವಾರ ಕಾದರೂ ನಷ್ಟವಿಲ್ಲ. ಎರಡಕ್ಕೂ ಒಂದೇ ನಿಯಮ ಹಾಕುವುದು ಮಾತ್ರ ಸಲ್ಲದು.

ಮೇಲಿನ ಸರ್ವರ್‌ನ ಕಾವಲು

ಸಾಗರವೂ ಹೊಸನಗರವೂ ಶಿವಮೊಗ್ಗವನ್ನು ಪ್ರಶ್ನಿಸದೆ ನಂಬುವಂತೆ ಜೋಡಿಸಿದ ಮೇಲೆ ಶಿವಮೊಗ್ಗದ ಆ ಒಂದು ಯಂತ್ರದ ಬೆಲೆ ಬ್ಯಾಂಕಿನ ತಿಜೋರಿಯ ಬೆಲೆಗೆ ಸಮನಾಗುತ್ತದೆ. ವಾಸ್ತವದಲ್ಲಿ ಅದೇ ಯಂತ್ರದಲ್ಲಿ ಯಾರೋ ಸಂಬಳದ ಪಟ್ಟಿ ಮಾಡುತ್ತಿರುತ್ತಾರೆ, ಇನ್ಯಾರೋ ಕ್ರಿಕೆಟ್ ಸ್ಕೋರ್ ನೋಡುತ್ತಿರುತ್ತಾರೆ. ಆ ಯಂತ್ರ ಬೇರೆ ಯಾವ ಕೆಲಸಕ್ಕೂ ಬಳಕೆಯಾಗಕೂಡದು. ಅದರ ನಿರ್ವಾಹಕರ ಪಾಸ್‌ವರ್ಡ್ ಕಚೇರಿಯ ಉಳಿದ ಪಾಸ್‌ವರ್ಡ್‌ಗಳಿಗಿಂತ ಬೇರೆಯಾಗಿದ್ದು, ಎರಡನೆಯ ಹಂತದ ದೃಢೀಕರಣವೂ ಇರಬೇಕು. ಹಳೆಯ ನೌಕರ ಬಿಟ್ಟುಹೋದ ದಿನವೇ ಅವರ ಪ್ರವೇಶ ರದ್ದಾಗಬೇಕು. ತಂತ್ರಾಂಶ ಮಾರಿದವರು ತಮ್ಮ ಅನುಕೂಲಕ್ಕೆ ಬಿಟ್ಟುಹೋದ ದೂರಪ್ರವೇಶದ ಕಿಂಡಿಯೂ ಅಷ್ಟೇ.

ಜೋಡಿಸುವಾಗಲೇ ಕಡಿಯುವ ಬಗೆಯನ್ನೂ ಬರೆದಿಡಬೇಕು. 2024ರ ಜುಲೈ 31ರಂದು, ಸಹಕಾರಿ ಹಾಗೂ ಗ್ರಾಮೀಣ ಬ್ಯಾಂಕುಗಳಿಗೆ ತಂತ್ರಜ್ಞಾನ ಸೇವೆ ಒದಗಿಸುವ ಸಿ-ಎಡ್ಜ್ ಸಂಸ್ಥೆಯ ವ್ಯವಸ್ಥೆಗೆ ರಾನ್ಸಮ್‌ವೇರ್ ತಗುಲಿದಾಗ, ರಾಷ್ಟ್ರೀಯ ಪಾವತಿ ನಿಗಮ ತನ್ನ ಚಿಲ್ಲರೆ ಪಾವತಿ ಜಾಲದಿಂದ ಅದನ್ನು ತಾತ್ಕಾಲಿಕವಾಗಿ ಬೇರ್ಪಡಿಸಿತು. ಆ ಬ್ಯಾಂಕುಗಳ ಗ್ರಾಹಕರಿಗೆ ತೊಂದರೆಯಾಯಿತು, ಮರುದಿನ ಸಂಪರ್ಕ ಮರಳಿತು, ಉಳಿದ ಜಾಲಕ್ಕೆ ಸೋಂಕು ತಾಗಲಿಲ್ಲ. ಅದು ಆಂಟಿವೈರಸ್ ಸರ್ವರ್‌ಗಳ ಪ್ರಕರಣವಲ್ಲ. ಆದರೆ ಎಲ್ಲಿ ಕಡಿಯಬೇಕು, ಕಡಿಯುವ ಅಧಿಕಾರ ಯಾರದು ಎಂಬುದು ಮೊದಲೇ ಗೊತ್ತಿದ್ದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ. ಹೊಸನಗರದ ವ್ಯವಸ್ಥಾಪಕರಿಗೆ ರಾತ್ರಿ ಹತ್ತಕ್ಕೆ ಅನುಮಾನ ಬಂದರೆ ಅವರು ಯಾರಿಗೆ ಫೋನ್ ಮಾಡಬೇಕು? ಆ ಸಂಖ್ಯೆ ಗೋಡೆಯ ಮೇಲೆ ಇರಬೇಕು, ಕಂಪ್ಯೂಟರಿನೊಳಗಲ್ಲ.

ನಿಮ್ಮ ಸಂಸ್ಥೆಯಲ್ಲಿ ಇಂಥ ಜಾಲವಿದ್ದರೆ ನಾಳೆಯೇ ಮಾಡಿ ನೋಡಬಹುದಾದ ಪರೀಕ್ಷೆಯೊಂದಿದೆ. ಐಕಾರ್ ಎಂಬ ನಿರುಪದ್ರವಿ ಪರೀಕ್ಷಾ ಕಡತ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಕೇವಲ 68 ಅಕ್ಷರಗಳ ಈ ಕಡತ ವೈರಸ್ ಅಲ್ಲ, ಆದರೆ ಅದನ್ನು ಕಂಡೊಡನೆ ವೈರಸ್ ಸಿಕ್ಕಿತೆಂದು ಕೂಗುವಂತೆ ಆಂಟಿವೈರಸ್‌ಗಳನ್ನು ರೂಪಿಸಲಾಗಿದೆ. ನಿರ್ವಾಹಕರಿಗೆ ತಿಳಿಸಿ, ಅದನ್ನು ಅತಿ ದೂರದ ಶಾಖೆಯ ಒಂದು ಯಂತ್ರಕ್ಕೆ ಹಾಕಿಸಿ. ಬಳಿಕ ಪ್ರಧಾನ ಕಚೇರಿಯ ಪರದೆಯ ಮುಂದೆ ಗಡಿಯಾರ ಹಿಡಿದು ಕುಳಿತು, ಆ ಕೂಗು ಎಷ್ಟು ನಿಮಿಷಕ್ಕೆ ತಲುಪಿತೆಂದು ಬರೆದುಕೊಳ್ಳಿ. ಮಧ್ಯಾಹ್ನದ ಊಟದವರೆಗೂ ಬರದಿದ್ದರೆ ನಡುವಿನ ಸರ್ವರ್‌ನ ನಂಟನ್ನು ತೆರೆದು, ವರದಿ ಮೇಲಕ್ಕೆ ಕಳಿಸುವ ಆಯ್ಕೆಗೆ ಗುರುತು ಬಿದ್ದಿದೆಯೇ ಎಂದು ಮೊದಲು ನೋಡಿ.